ಮರೆವಿನ ಪರೀಕ್ಷೆಗೆ ಕೂತಾಗ

ಫಿಟ್ಸ್ ಇದೆ ಎಂದು ಹೇಳಿದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬೀಳ್ತೀರಾ? ಬಾಯಲ್ಲಿ ನೊರೆ ಬರುತ್ತಾ? ಎಷ್ಟು ದಿನಕ್ಕೊಮ್ಮೆ ಬರುತ್ತೆ? ಒಂದು ಫಿಟ್ಸ್ ಹೋಗಿ ಇನ್ನೊಂದು ಬರುವವರೆಗಿನ ದಿನಗಳು ಹೇಗಿರುತ್ತವೆ ಎಂದು ಯಾರೂ ಕೇಳುವುದಿಲ್ಲ. ನನ್ನನ್ನು ಹೈರಾಣ ಮಾಡಿದ್ದು ಆ ದಿನಗಳೇ.

ನನ್ನದು ಬೀಳುವ ಬಗೆಯದ್ದಲ್ಲ. ಹೊಟ್ಟೆಯಿಂದ ಏನೋ ಮೇಲೆದ್ದು ಬಂದ ಹಾಗಾಗುತ್ತದೆ. ಆಮೇಲೆ ಒಂದೆರಡು ನಿಮಿಷ ನನಗೆ ಪ್ರಜ್ಞೆ ಇರುವುದಿಲ್ಲ. ಕಣ್ಣು ತೆರೆದೇ ಇರುತ್ತದಂತೆ. ತುಟಿ ಚಪ್ಪರಿಸುತ್ತಾ, ಅಂಗಿಯ ಅಂಚನ್ನು ಬೆರಳಲ್ಲಿ ಹಿಸುಕುತ್ತಾ ಕೂತಿರುತ್ತೇನಂತೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಮಂಕು. ಎಡಗಡೆಯ ಟೆಂಪೊರಲ್ ಲೋಬ್‌ನಿಂದ, ಅಂದರೆ ಕಿವಿಯ ಮಟ್ಟದಲ್ಲಿ ಒಳಗಿರುವ ಮೆದುಳಿನ ಭಾಗದಿಂದ ಶುರುವಾಗುವ ಅಪಸ್ಮಾರ ಇದು. ಹದಿವಯಸ್ಸಿನಲ್ಲಿ ಅಂಟಿಕೊಂಡಿತು. ಮಾತ್ರೆಯಿಂದ ಫಿಟ್ಸ್ ಬಹಳ ಕಡಿಮೆಯಾಯಿತು. ನೆನಪು ಮಾತ್ರ ಕೈಕೊಡುತ್ತಲೇ ಹೋಯಿತು.

ಕೆಲಸದಲ್ಲಿ ಮೇಲಕ್ಕೆ ಹೋಗಲು ಒಂದು ಪರೀಕ್ಷೆ ಬರೆಯಬೇಕಿತ್ತು. ರಾತ್ರಿ ಒಂದು ಅಧ್ಯಾಯ ಓದುತ್ತಿದ್ದೆ. ಅರ್ಥ ಚೆನ್ನಾಗಿಯೇ ಆಗುತ್ತಿತ್ತು. ಬೆಳಿಗ್ಗೆ ಅಕ್ಕನ ಮುಂದೆ ಕೂತು ಹೇಳಿದರೆ ಸರಾಗವಾಗಿ ಬರುತ್ತಿತ್ತು. ವಾರ ಕಳೆದು ಅದೇ ಪುಟ ತೆಗೆದರೆ, ಅಂಚಿನಲ್ಲಿ ನಾನೇ ಬರೆದ ಟಿಪ್ಪಣಿ ಬೇರೆ ಯಾರೋ ಬರೆದ ಹಾಗೆ ಕಾಣುತ್ತಿತ್ತು. ಅಕ್ಕ ಪುಸ್ತಕ ಕೈಗೆ ತೆಗೆದುಕೊಂಡು ನೋಡಿ, "ನಿನ್ನ ಕೈಬರಹವೇ ಅಲ್ವಾ ಇದು?" ಎಂದಳು. ಹೌದು, ನನ್ನದೇ. ಒಳಗಿನ ವಿಷಯ ಮಾತ್ರ ಪೂರ್ತಿ ಹೊಸದು.

ಇನ್ನೊಂದು ತರದ ಮರೆವೂ ಇತ್ತು. ಮೀಟಿಂಗಿನಲ್ಲಿ ಮಾತಾಡುತ್ತಿರುವಾಗ ತೀರಾ ಮಾಮೂಲಿ ಪದ ಬಾಯಿಗೆ ಬರುತ್ತಿರಲಿಲ್ಲ. ನಾಲಿಗೆ ತುದಿಯಲ್ಲೇ ಇದೆ, ಹೊರಗೆ ಬರಲ್ಲ. "ಅದೇ... ಅದು... ಬಾಗಿಲಿಗೆ ಹಾಕ್ತೀವಲ್ಲ" ಎಂದು ಕೈ ತಿರುಗಿಸಿ ತೋರಿಸುವ ಪರಿಸ್ಥಿತಿ. ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೂರನೆಯದು ಮಂಗಮಾಯ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನವಂತೂ ದಿನವೂ ಇದ್ದದ್ದೇ. ಇವೆಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಒಂದು ಪ್ರವಾಸದ ಫೋಟೊ. ಮಳೆಯಲ್ಲಿ ನೆನೆದ ಜಾಕೆಟ್ ಹಾಕಿಕೊಂಡು ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದೇನೆ. ಆ ಮಳೆ, ಆ ಜಾಗ, ಆ ನಗು ಯಾವುದೂ ನನ್ನ ತಲೆಯಲ್ಲಿ ಇಲ್ಲ.

ಸುತ್ತಲಿನವರ ಬಳಿ ಇದಕ್ಕೆ ವಿವರಣೆಗಳು ಸಾಕಷ್ಟಿದ್ದವು. ಗಮನ ಕೊಟ್ಟು ಓದಲ್ಲ. ಮೊಬೈಲ್ ಜಾಸ್ತಿ ನೋಡ್ತೀಯ. ಸುಮ್ನೆ ಟೆನ್ಷನ್ ಮಾಡ್ಕೊಳ್ತೀಯ. "ನಂಗೂ ಮರೆಯುತ್ತೆ ಬಿಡು" ಅನ್ನುವವರಿಗಂತೂ ಏನು ಉತ್ತರ ಕೊಡಬೇಕೋ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಅದೇ ಕಷ್ಟ.

ಆಸ್ಪತ್ರೆಯಲ್ಲಿ ಇದರ ಮಾತು ಬರುತ್ತಲೇ ಇರಲಿಲ್ಲ. ಅಲ್ಲಿ ಕೇಳುವುದು ಫಿಟ್ಸ್ ಬಂತಾ, ಎಷ್ಟು ಸಲ, ಮಾತ್ರೆ ತಪ್ಪಿಸಿದಿರಾ ಅಂತ. ಬಂದಿಲ್ಲ ಎಂದರೆ ಅದೇ ಮಾತ್ರೆ ಮುಂದುವರಿಸಿ. ಹತ್ತು ನಿಮಿಷದಲ್ಲಿ ಹೊರಗೆ. "ಮರೆವು ಜಾಸ್ತಿಯಾಗಿದೆ" ಎಂದು ನಾನು ಹೇಳಿದರೆ ಅದು ಹೊರಡುವ ಹೊತ್ತಿನ ಮಾತಾಗಿ ಕಳೆದುಹೋಗುತ್ತಿತ್ತು. ಅಕ್ಕನೇ ಉಪಾಯ ಹುಡುಕಿದಳು. ಬರೆದಿಡೋಣ ಎಂದಳು. ಮರೆತದ್ದನ್ನು ಮರೆಯದೆ ಬರೆದಿಡುವ ಕೆಲಸವನ್ನು ಮರೆವಿರುವವರಿಗೇ ಕೊಟ್ಟರೆ ಹೇಗೆ? ಅದಕ್ಕೆ ಅವಳೂ ಬೇರೆ ಪುಸ್ತಕದಲ್ಲಿ ಬರೆಯತೊಡಗಿದಳು. ಯಾವತ್ತು, ಏನು ಮರೆತದ್ದು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಆ ವಾರ ಫಿಟ್ಸ್ ಬಂದಿತ್ತಾ, ಸುಳಿವು ಕೊಟ್ಟರೆ ನೆನಪಾಯಿತಾ. ಕೊನೆಯ ಈ ಪ್ರಶ್ನೆ ಎಷ್ಟು ಮುಖ್ಯ ಎಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆ ಎರಡು ಪುಸ್ತಕಗಳನ್ನು ಮೇಜಿನ ಮೇಲಿಟ್ಟಾಗ ಡಾಕ್ಟರು ನಿಜವಾಗಿ ಓದಿದರು. ಓದಿ, "ಇಲ್ಲಿ ಒಂದೇ ತೊಂದರೆ ಇಲ್ಲ, ಮೂರ್ನಾಲ್ಕು ಬೆರೆತುಕೊಂಡಿವೆ. ಬಿಡಿಸಿ ನೋಡಬೇಕು" ಎಂದು ನ್ಯೂರೊಸೈಕಾಲಜಿಸ್ಟ್, ಅಂದರೆ ನೆನಪು, ಗಮನ, ಮಾತಿನಂಥ ಮೆದುಳಿನ ಕೆಲಸಗಳನ್ನು ಪರೀಕ್ಷಿಸಿ ಅಳೆಯುವ ತಜ್ಞರ ಹತ್ತಿರ ಕಳಿಸಿದರು. ಎಂಆರ್‌ಐ ಮೆದುಳು ಹೇಗೆ ಕಾಣುತ್ತದೆ ಎಂದು ಹೇಳುತ್ತದೆ. ಇಇಜಿ ಅದರ ವಿದ್ಯುತ್ ಹೇಗೆ ಹರಿಯುತ್ತಿದೆ ಎಂದು ಹೇಳುತ್ತದೆ. ಆ ಮೆದುಳು ಏನು ಮಾಡಬಲ್ಲದು, ಎಲ್ಲಿ ತಡವರಿಸುತ್ತದೆ ಎಂದು ನೋಡಲು ಕಾಗದ, ಪೆನ್ಸಿಲ್ ಮತ್ತು ಪ್ರಶ್ನೆಗಳೇ ಬೇಕು.

ಹೋಗುವ ಮುಂಚೆ ಕೆಲವು ಸೂಚನೆ ಕೊಟ್ಟರು. ಮಾತ್ರೆ ಎಂದಿನಂತೆ ತೆಗೆದುಕೊಳ್ಳಬೇಕು. ರಾತ್ರಿ ಚೆನ್ನಾಗಿ ಮಲಗಬೇಕು. ಕನ್ನಡಕ ಮರೆಯಬಾರದು. ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಫೋನ್ ಮಾಡಿ ತಿಳಿಸಬೇಕು. ಫಿಟ್ಸ್ ಆದ ಮೇಲೆ ಮೆದುಳು ಸುಧಾರಿಸಿಕೊಳ್ಳಲು ಸಮಯ ಬೇಕು, ಕೆಲವರಿಗೆ ಗಂಟೆಗಳು, ಕೆಲವರಿಗೆ ದಿನವೇ ಬೇಕಾಗಬಹುದು. ಆ ಹೊತ್ತಿನಲ್ಲಿ ಪರೀಕ್ಷೆ ಮಾಡಿದರೆ ಸಿಗುವುದು ಆ ಮಂಕಿನ ಅಳತೆ ಮಾತ್ರ. ಇನ್ನೊಂದು ಪ್ರಶ್ನೆ ನನಗೆ ಇಷ್ಟವಾಯಿತು: ನಿಮಗೆ ಯಾವ ಭಾಷೆ ಚೆನ್ನಾಗಿ ಬರುತ್ತದೆ, ಯಾವುದರಲ್ಲಿ ಓದಿದ್ದೀರಿ? ಪದಗಳ ನೆನಪನ್ನು ಅಳೆಯುವಾಗ ಅರ್ಧಂಬರ್ಧ ಬರುವ ಭಾಷೆಯಲ್ಲಿ ಅಳೆದರೆ ಅದು ಭಾಷೆಯ ಪರೀಕ್ಷೆ ಆಗಿಬಿಡುತ್ತದೆ. ಹೋಗುವವರು ಇದನ್ನು ತಾವಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಅಂದರೆ ಅರ್ಧ ದಿನದ ಕೆಲಸ. ಮೊದಲು ಬರೀ ಮಾತು. ಶಾಲೆಯಲ್ಲಿ ಹೇಗಿದ್ದಿರಿ, ಕೆಲಸ ಏನು, ನಿದ್ದೆ ಹೇಗೆ, ಮನಸ್ಸು ಹೇಗಿದೆ, ಈ ಪರೀಕ್ಷೆಯಿಂದ ನಿಮಗೆ ಏನು ತಿಳಿಯಬೇಕು. "ನಾನು ದಡ್ಡಾನಾ ಅಂತ ತಿಳಿಯಬೇಕು" ಎಂದೆ. ಅವರು ನಗಲಿಲ್ಲ. ಅಪಸ್ಮಾರ ಇರುವ ಬಹಳಷ್ಟು ಜನರ ಬುದ್ಧಿಮಟ್ಟ ಎಲ್ಲರಂತೆಯೇ ಇರುತ್ತದೆ, ಅದರೊಳಗೆ ಒಂದೆರಡು ಕಡೆ ಮಾತ್ರ ತಗ್ಗು ಇರಬಹುದು, ನಾವು ಹುಡುಕುವುದು ಆ ತಗ್ಗುಗಳನ್ನು ಎಂದರು.

ಮೊದಲಿಗೆ ಅಂಕಿಗಳು. ಅವರು ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಹೇಳಬೇಕು, ಆಮೇಲೆ ಕೊನೆಯಿಂದ ಮೊದಲಿಗೆ. ನಂತರ ಕಾಗದದ ತುಂಬ ಚೆಲ್ಲಿರುವ ಅಂಕಿ–ಅಕ್ಷರಗಳನ್ನು 1, ಅ, 2, ಆ ಎಂದು ಒಂದಾದ ಮೇಲೊಂದು ಗೆರೆ ಎಳೆದು ಸೇರಿಸಬೇಕು. ಅವರು ಸ್ಟಾಪ್‌ವಾಚ್ ಹಿಡಿದಿರುತ್ತಾರೆ. ಅಂಕಿ ಸುಲಭವಾಯಿತು. ಗೆರೆ ಎಳೆಯುವುದರಲ್ಲಿ ತಪ್ಪಾಗಲಿಲ್ಲ, ಆದರೆ ಕೈ ನಿಧಾನ.

ಆಮೇಲೆ ಬಂತು ಪದಗಳ ಪಟ್ಟಿ. ಒಂದಕ್ಕೊಂದು ಸಂಬಂಧವಿಲ್ಲದ 15 ಪದ ಓದುತ್ತಾರೆ. ನೆನಪಿದ್ದಷ್ಟು ಹೇಳಬೇಕು. ಮತ್ತೆ ಅದೇ ಪಟ್ಟಿ ಓದುತ್ತಾರೆ, ಮತ್ತೆ ಹೇಳಬೇಕು. ಹೀಗೆ ಒಟ್ಟು 5 ಸಲ. (ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೋಗುವವರು ಓದಿಕೊಂಡು ಹೋದರೆ ಪರೀಕ್ಷೆ ಕೆಟ್ಟಿತು.) ಮೊದಲ ಸಲ ಸಾಮಾನ್ಯವಾಗಿ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಬರುವುದಂತೆ. ನೋಡುವುದು ಸಲದಿಂದ ಸಲಕ್ಕೆ ಎಷ್ಟು ಏರುತ್ತದೆ ಎಂದು. ನನಗೆ ಏರಿತು, ನಿಧಾನವಾಗಿ. ಕೊನೆಯ ಸಲ ನನಗೇ ಖುಷಿಯಾಗುವಷ್ಟು ಬಂತು. ತಕ್ಷಣ ಇನ್ನೊಂದು ಬೇರೆ ಪಟ್ಟಿ ಓದಿ ಅದನ್ನು ಹೇಳಿಸಿದರು, ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ "ಈಗ ಮೊದಲ ಪಟ್ಟಿ ಹೇಳಿ" ಎಂದರು. ಎರಡು ಪಟ್ಟಿಗಳು ಕಲಸಿಹೋದವು.

ಅರ್ಧ ಗಂಟೆ ಚಿತ್ರದ ಕೆಲಸ ಕೊಟ್ಟು ಮತ್ತೆ ಪಟ್ಟಿಗೆ ಬಂದರು. ನಾಲ್ಕೈದು ಪದ ಹೇಳಿ ನಿಂತೆ. ಖಾಲಿ. ಆಗ ಅವರು ಒಂದು ಉದ್ದ ಪಟ್ಟಿ ತೆಗೆದು, ಒಂದೊಂದೇ ಪದ ಓದಿ, ಇದು ಇತ್ತಾ, ಇರಲಿಲ್ಲವಾ ಎಂದು ಕೇಳುತ್ತಾ ಹೋದರು. ವಿಚಿತ್ರ ನೋಡಿ, ನಾನಾಗಿ ಹೇಳಲು ಬಾರದ ಹಲವು ಪದಗಳನ್ನು ಕೇಳಿದ ತಕ್ಷಣ ಗುರುತಿಸಿದೆ. ಅಂದರೆ ಅವು ಒಳಗೆ ಇದ್ದವು. ಕೆಲವಕ್ಕೆ ಮಾತ್ರ ಗುರುತೂ ಇಲ್ಲ. ಒಳಗಿದ್ದೂ ಸಿಗದೇ ಇರುವುದು ಒಂದು, ಒಳಗೆ ಇಲ್ಲವೇ ಇಲ್ಲದಿರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ "ಮರೆತೆ" ಎನ್ನುವುದೇ.

ಚಿತ್ರದ ಕೆಲಸ ಎಂದೆನಲ್ಲ, ಅದು 1941ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಆಂದ್ರೆ ರೇ ರೂಪಿಸಿದ್ದು. ಚೌಕ, ಕರ್ಣ, ವೃತ್ತ, ಗೆರೆ ಎಲ್ಲ ಸೇರಿದ, ಯಾವ ವಸ್ತುವಿನ ಹಾಗೂ ಕಾಣದ ಒಂದು ಗೋಜಲು. ಮೊದಲು ನೋಡಿಕೊಂಡು ಬಿಡಿಸಬೇಕು. ಆಮೇಲೆ ಚಿತ್ರ ತೆಗೆದಿಟ್ಟು ನೆನಪಿನಿಂದ ಬಿಡಿಸಬೇಕು. ಇದರಲ್ಲಿ ನಾನು ಪಾಸು. ಮಾತಿನ ನೆನಪಿಗೆ ಸಾಮಾನ್ಯವಾಗಿ ಎಡಗಡೆಯ ಟೆಂಪೊರಲ್ ಲೋಬ್ ಜಾಸ್ತಿ ಬೇಕು, ಆಕಾರ–ಜಾಗಗಳ ನೆನಪಿಗೆ ಬಲಗಡೆಯದ್ದು. ಎರಡನೆಯ ಮಾತು ಮೊದಲಿನಷ್ಟು ಗಟ್ಟಿಯಲ್ಲ ಎಂದು ಅವರೇ ಸೇರಿಸಿದರು. ನನ್ನ ಮಟ್ಟಿಗೆ ಅದು ಸರಿಯಾಗಿಯೇ ಹೊಂದಿತು.

ಬೆವರಿಳಿಸಿದ್ದು ಹೆಸರು ಹೇಳುವ ಭಾಗ. ಒಂದು ಅಕ್ಷರ ಕೊಟ್ಟು, ಒಂದು ನಿಮಿಷದಲ್ಲಿ ಅದರಿಂದ ಶುರುವಾಗುವ ಪದಗಳನ್ನು ಹೇಳಿ ಎಂದರು. ಮೊದಲ ಹತ್ತು ಸೆಕೆಂಡಿಗೆ ಕೆಲವು ಬಂದವು. ಆಮೇಲೆ ಗಡಿಯಾರದ ಸದ್ದು ಮಾತ್ರ. ನಂತರ ವಸ್ತುಗಳ ಚಿತ್ರ ತೋರಿಸಿ ಹೆಸರು ಕೇಳಿದರು. ಒಂದು ಚಿತ್ರದ ಮುಂದೆ ಸಿಕ್ಕಿಕೊಂಡೆ. ಅದು ಏನು ಎಂದು ಗೊತ್ತು, ಯಾರು ಬಳಸುತ್ತಾರೆ ಗೊತ್ತು, ಹೇಗೆ ಹಿಡಿಯಬೇಕು ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಹೆಸರು ಇಲ್ಲ. ಅವರು ಮೊದಲ ಅಕ್ಷರ ಹೇಳಿದ್ದೇ ತಡ, ಪೂರ್ತಿ ಪದ ಬಾಯಿಂದ ಹಾರಿಬಂತು. ಅವರು ಏನೋ ಗುರುತು ಹಾಕಿಕೊಂಡರು. ಸುಳಿವು ಕೊಟ್ಟಾಗ ಬಂತಾ ಎಂದು ಅಕ್ಕ ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದದ್ದೂ ಇದನ್ನೇ.

ಒಂದು ಚಿಕ್ಕ ಕಥೆಯನ್ನೂ ಓದಿ ಹೇಳಿದ್ದರು. ತಕ್ಷಣ ಕೇಳಿದಾಗ ಹೇಳಿದೆ, ಅರ್ಧ ಗಂಟೆ ಬಿಟ್ಟು ಕೇಳಿದಾಗಲೂ ಪರವಾಗಿಲ್ಲ ಅನ್ನುವ ಹಾಗೆ ಹೇಳಿದೆ. ವಾರದ ನಂತರ ಫೋನ್ ಮಾಡಿ ಅದೇ ಕಥೆ ಕೇಳಿದರು. ಎಲ್ಲ ಕಡೆ ಹೀಗೆ ಮಾಡುವುದಿಲ್ಲ. ನನ್ನ ದೂರು ವಾರಗಳ ಮರೆವಿನದು ಎಂದು ನಮ್ಮ ಪುಸ್ತಕ ನೋಡಿ ಅವರು ಸೇರಿಸಿಕೊಂಡಿದ್ದು. ಕಥೆಯಲ್ಲಿ ಒಬ್ಬ ಮನುಷ್ಯ ಇದ್ದ ಎಂದು ಹೇಳಿದೆ. ಅಷ್ಟೇ. ಅವನಿಗೆ ಏನಾಯಿತು, ಎಲ್ಲಿಗೆ ಹೋದ, ಏನೂ ಇಲ್ಲ.

ವರದಿ ಕೈಗೆ ಬಂದ ದಿನ ಅಕ್ಕನೂ ಜೊತೆಗಿದ್ದಳು. ಕಾಗದದಲ್ಲಿ ಅಂಕಿಗಳು ತುಂಬ ಇದ್ದವು. ಅವರು ಅವನ್ನು ಬದಿಗಿಟ್ಟು ಮಾತಿನಲ್ಲಿ ಹೇಳಿದರು. ನಿಮ್ಮ ಮರೆವಿಗೆ ನಾಲ್ಕು ಮೂಲ ಇವೆ. ಒಂದು, ಕೆಲವು ಸಲ ವಿಷಯ ಒಳಗೇ ಹೋಗುತ್ತಿಲ್ಲ. ನಿದ್ದೆ ಸಾಲದೆ, ಅಥವಾ ಫಿಟ್ಸ್ ಆಗುವಷ್ಟು ದೊಡ್ಡದಲ್ಲದ ವಿದ್ಯುತ್ ಸಿಡಿತಗಳಿಂದ ಗಮನ ತುಂಡಾಗುತ್ತಿದೆ. ಎರಡು, ಒಳಗೆ ಹೋಗಿ ಉಳಿದ ಪದಗಳು ಬೇಕಾದಾಗ ಸಿಗುತ್ತಿಲ್ಲ. ಈ ತೊಂದರೆ ಮತ್ತು ನಿಮ್ಮ ನಿಧಾನ, ಎರಡರಲ್ಲೂ ಮಾತ್ರೆಯ ಪಾಲು ಇರುವಂತಿದೆ. ಮೂರು, ಅರ್ಧ ಗಂಟೆ ನಿಂತ ನೆನಪು ವಾರ ನಿಲ್ಲುತ್ತಿಲ್ಲ. ನಾಲ್ಕು, ಮನಸ್ಸು ಕುಗ್ಗಿದೆ, ಅದು ಉಳಿದ ಮೂರನ್ನೂ ಹೆಚ್ಚು ಮಾಡುತ್ತಿದೆ.

ಮೂರನೆಯದನ್ನು ಕೇಳಿದಾಗ ನನಗೆ ಅಳು ಬಂತು. ದುಃಖಕ್ಕಲ್ಲ. ಇಷ್ಟು ವರ್ಷ "ಚೆನ್ನಾಗಿ ಓದಿದ್ದರೆ ಹೇಗೆ ಮರೆಯುತ್ತೆ?" ಎಂದು ಕೇಳಿದವರಿಗೆ ಕೊಡಲು ಉತ್ತರ ಸಿಕ್ಕಿತ್ತು. ಒದ್ದೆ ಗೋಡೆಗೆ ಅಂಟಿಸಿದ ಕಾಗದದ ಹಾಗೆ: ಹಚ್ಚಿದಾಗ ಕೂತಿರುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ನೆಲದ ಮೇಲೆ. ಮಾಮೂಲಿ ಪರೀಕ್ಷೆಗಳು ಅರ್ಧ ಗಂಟೆಗೆ ನಿಲ್ಲುವುದರಿಂದ ಈ ತರದವರು ಎಷ್ಟೋ ಸಲ "ನಾರ್ಮಲ್" ಎಂದು ಮನೆಗೆ ಬರುತ್ತಾರೆ.

ಯಾಕೆ ಹೀಗೆ ಎಂದು ಎಂಆರ್‌ಐ ತೋರಿಸಿ ಹೇಳಿದರು. ಟೆಂಪೊರಲ್ ಲೋಬ್‌ನ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಇದೆ, ಎರಡು ಕಡೆಯೂ ಒಂದೊಂದು. ಹೊಸ ನೆನಪು ಕಟ್ಟುವುದು ಅದರ ಕೆಲಸ. ನನ್ನ ಎಡಗಡೆಯದು ಕುಗ್ಗಿ, ಗಾಯದ ಕಲೆ ಕಟ್ಟಿತ್ತು. ಹಗಲು ಕಲಿತದ್ದು ಗಟ್ಟಿಯಾಗಲು ನಿದ್ದೆ ಬೇಕು. ರಾತ್ರಿ ಆ ಜಾಗದಲ್ಲಿ ವಿದ್ಯುತ್ ಸಿಡಿಯುತ್ತಿದ್ದರೆ ಆ ಕೆಲಸಕ್ಕೂ ಅಡ್ಡಿಯಾಗಬಹುದು.

ಮನೆಗೆ ಬಂದು ಇದರ ಬಗ್ಗೆ ಓದುವಾಗ ಹೆನ್ರಿ ಮೊಲಾಯ್ಸನ್ ಸಿಕ್ಕಿದರು. ಅಮೆರಿಕದವರು. ನಿಲ್ಲದ ಫಿಟ್ಸ್‌ಗಾಗಿ 1953ರಲ್ಲಿ ವಿಲಿಯಂ ಸ್ಕೊವಿಲ್ ಎಂಬ ಸರ್ಜನ್ ಅವರ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು, ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯೇ ಹೋಯಿತು. 2008ರಲ್ಲಿ ಅವರು ತೀರಿಕೊಳ್ಳುವವರೆಗೂ ಜಗತ್ತಿಗೆ ಅವರು ಬರೀ ಎಚ್.ಎಂ. ಇವರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಒಂದು ಕೆಲಸ ಕೊಟ್ಟಿದ್ದರು. ಕನ್ನಡಿಯಲ್ಲಿ ಕೈಯನ್ನು ನೋಡುತ್ತಾ ನಕ್ಷತ್ರದ ಅಂಚಿನೊಳಗೆ ಗೆರೆ ಎಳೆಯುವುದು. ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು. ಹಿಂದಿನ ದಿನ ಇದೇ ಕೆಲಸ ಮಾಡಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಕೈ ಕಲಿಯುವ ದಾರಿ ಬೇರೆ, ಘಟನೆ ನೆನಪಾಗುವ ದಾರಿ ಬೇರೆ. ನನಗೆ ಇದು ಬರೀ ಇತಿಹಾಸವಾಗಿ ಉಳಿಯಲಿಲ್ಲ. ಆಫೀಸಿನ ಹೊಸ ಸಾಫ್ಟ್‌ವೇರ್‌ನ ಕೈಪಿಡಿ ಓದುವುದನ್ನು ಬಿಟ್ಟು, ಅದೇ ಕೆಲಸವನ್ನು ದಿನವೂ ಅದೇ ಕ್ರಮದಲ್ಲಿ ಕೈಯಾರೆ ಮಾಡತೊಡಗಿದೆ. ಓದಿದ್ದರೆ ವಾರಕ್ಕೆ ಹಾರಿಹೋಗುತ್ತಿತ್ತು. ಬೆರಳಿಗೆ ಹತ್ತಿದ್ದು ಉಳಿಯಿತು.

ಆಪರೇಷನ್ ಮಾತೂ ಬಂತು. ಈಗ ತೆಗೆದರೂ ಒಂದು ಕಡೆಯದ್ದು ಮಾತ್ರ. ತೆಗೆಯುವ ಮುಂಚೆ ಇಂಥದ್ದೇ ಪರೀಕ್ಷೆಗಳಿಂದ ಇನ್ನೊಂದು ಕಡೆ ಎಷ್ಟು ಭಾರ ಹೊರಬಲ್ಲದು ಎಂದು ನೋಡುತ್ತಾರೆ. ಇಲ್ಲಿ ಒಂದು ತಿರುವು ಇದೆ. ಎಡಗಡೆಯ ಹಿಪೊಕ್ಯಾಂಪಸ್ ಚೆನ್ನಾಗಿ ಕೆಲಸ ಮಾಡುತ್ತಿದ್ದು, ಮಾತಿನ ನೆನಪು ಚುರುಕಾಗಿದ್ದರೆ, ಆಪರೇಷನ್ ನಂತರ ಕಳೆದುಕೊಳ್ಳುವುದೂ ಜಾಸ್ತಿ. ಮೊದಲೇ ಸೊರಗಿದ್ದರೆ ಕಳೆದುಕೊಳ್ಳಲು ಉಳಿದಿರುವುದೇ ಕಡಿಮೆ. ಮಾತ್ರೆಯಲ್ಲೇ ಫಿಟ್ಸ್ ಹಿಡಿತಕ್ಕೆ ಬಂದಿರುವಾಗ ನನಗೆ ಸದ್ಯಕ್ಕೆ ಆ ದಾರಿ ಬೇಡ ಎಂದರು ಡಾಕ್ಟರು.

ಅವರು ಕೈಹಾಕಿದ್ದು ಮಾತ್ರೆಗೆ. ನಾನು ತೆಗೆದುಕೊಳ್ಳುತ್ತಿದ್ದದ್ದು ಟೊಪಿರಮೇಟ್. ಫಿಟ್ಸ್ ನಿಲ್ಲಿಸುವುದರಲ್ಲಿ ಒಳ್ಳೆಯದೇ. ಆದರೆ ಕೆಲವರಲ್ಲಿ ಪದ ಸಿಗದಂತೆ ಮಾಡುವುದು, ಯೋಚನೆ ನಿಧಾನಗೊಳಿಸುವುದು ಅದರ ಹೆಸರಾಂತ ಅಡ್ಡಪರಿಣಾಮ. ಹಳೆಯ ಮಾತ್ರೆಗಳಲ್ಲೂ ಇದು ಇಲ್ಲವೆಂದಲ್ಲ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಮಂಪರಿಗೆ, ಮಂದತನಕ್ಕೆ ಹೆಸರುವಾಸಿ. ಡೋಸ್ ಏರಿದಷ್ಟೂ, ಒಟ್ಟಿಗೆ ನುಂಗುವ ಮಾತ್ರೆಗಳು ಹೆಚ್ಚಾದಷ್ಟೂ ತಲೆ ಭಾರವಾಗುವ ಸಾಧ್ಯತೆ ಹೆಚ್ಚು. ಲೆವೆಟಿರಾಸೆಟಾಂ ಎಂಬ ಇನ್ನೊಂದು ಮಾತ್ರೆ ನೆನಪಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಕೆಲವರಿಗೆ ಸಿಟ್ಟು, ಬೇಸರ ತರುತ್ತದೆ. ನನ್ನ ಮನಸ್ಸು ಮೊದಲೇ ಕುಗ್ಗಿತ್ತಲ್ಲ, ಅದಕ್ಕೆ ಅದನ್ನು ಬಿಟ್ಟು ಲ್ಯಾಮೊಟ್ರಿಜಿನ್ ಎಂಬ ಮಾತ್ರೆ ಆರಿಸಿದರು.

ಬದಲಾವಣೆ ಎಂದರೆ ನಾಳೆಯಿಂದ ಇದರ ಬದಲು ಅದು ಎಂದಲ್ಲ. ಲ್ಯಾಮೊಟ್ರಿಜಿನ್ ಬೇಗ ಏರಿಸಿದರೆ ಮೈಮೇಲೆ ಗಂಧೆ ಏಳಬಹುದು, ಅಪರೂಪಕ್ಕೆ ಅದು ಜೀವಕ್ಕೇ ಕುತ್ತು. ಹಾಗಾಗಿ ವಾರಗಟ್ಟಲೆ ಚೂರುಚೂರೇ ಏರಿಸುತ್ತಾ, ಆಮೇಲೆ ಟೊಪಿರಮೇಟನ್ನು ಚೂರುಚೂರೇ ಇಳಿಸಬೇಕು. "ಮಂಕು ಮಾಡುತ್ತೆ ಅಂತ ನೀವೇ ಒಂದಿನ ನಿಲ್ಲಿಸಿಬಿಟ್ಟರೆ, ನಿಲ್ಲದ ಫಿಟ್ಸ್ ಬಂದು ಐಸಿಯುಗೆ ಹೋಗಬೇಕಾಗಬಹುದು" ಎಂದು ಡಾಕ್ಟರು ಅಕ್ಕನಿಗೂ ಕೇಳುವ ಹಾಗೆ ಹೇಳಿದರು. ಇಳಿಸುವಾಗ ನಡುವೆ ಒಂದು ಸಲ ಫಿಟ್ಸ್ ಬಂತು. ಹೆದರಿದೆವು. ಡೋಸ್ ಸ್ವಲ್ಪ ಹೊಂದಿಸಿ ಮುಂದುವರಿಸಿದರು.

ಕೊನೆಗೆ ಏನಾಯಿತು? ಪದಗಳು ವಾಪಸು ಬಂದವು. ಇದು ಮೊದಲು ಗೊತ್ತಾಗಿದ್ದು ನನಗಲ್ಲ, ಆಫೀಸಿನವರಿಗೆ. "ಈಗೀಗ ಮಾತಿನ ಮಧ್ಯೆ ನಿಲ್ಲಲ್ಲ ನೀವು" ಎಂದರು ಒಬ್ಬರು. ವಾರದಲ್ಲಿ ಉದುರಿಹೋಗುವ ಮರೆವು ಮಾತ್ರ ಹಾಗೇ ಇತ್ತು, ಈಗಲೂ ಇದೆ. ಅದು ಮಾತ್ರೆಯದಲ್ಲ, ಹಿಪೊಕ್ಯಾಂಪಸ್‌ನಲ್ಲಿರುವ ಗಾಯದ ಕಲೆಯದು. ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವವರು, ಎಲ್ಲವನ್ನೂ ರೋಗದ ತಲೆಗೆ ಕಟ್ಟುವವರು, ಇಬ್ಬರನ್ನೂ ನಾನು ಕಂಡಿದ್ದೇನೆ. ಬಿಡಿಸಿ ನೋಡದೆ ಎರಡೂ ಸುಮ್ನೆ ಊಹೆ.

ಮನಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೌನ್ಸೆಲಿಂಗಿಗೆ ಹೋದೆ, ಉಪಯೋಗವಾಯಿತು. ನಿದ್ದೆಯ ಹೊತ್ತು ಕಟ್ಟುನಿಟ್ಟು ಮಾಡಿದೆ. ರಾತ್ರಿಯಿಡೀ ಓದುವುದು ನನ್ನಂಥವರಿಗೆ ಎರಡು ಬಗೆಯಲ್ಲಿ ನಷ್ಟ. ಓದಿದ್ದೂ ನಿಲ್ಲಲ್ಲ, ನಿದ್ದೆಗೆಟ್ಟರೆ ಫಿಟ್ಸ್‌ಗೂ ಕರೆ ಕೊಟ್ಟ ಹಾಗೆ.

ಓದುವ ರೀತಿಯನ್ನೇ ತಿರುಗಿಸಿ ಹಾಕಿದ್ದು ನ್ಯೂರೊಸೈಕಾಲಜಿಸ್ಟ್. ಮೊದಲು ನಾನು ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ, ಗೆರೆ ಎಳೆಯುತ್ತಿದ್ದೆ. ಅವರು ಹೇಳಿದ್ದು: ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದು, ಓದಿದ್ದನ್ನು ಬರೆಯಿರಿ. ಬರದಿದ್ದರೆ ಪುಸ್ತಕ ತೆರೆದು ಸರಿಯಾದ ಉತ್ತರ ತಕ್ಷಣ ನೋಡಿ. ತಪ್ಪನ್ನು ಊಹಿಸುತ್ತಾ ಕೂರಬೇಡಿ, ಆ ತಪ್ಪೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಮರುದಿನ, ಮತ್ತೆ ಎರಡು ಮೂರು ದಿನ ಬಿಟ್ಟು, ಮತ್ತೆ ವಾರಕ್ಕೆ, ಮತ್ತೆ ತಿಂಗಳಿಗೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಕಲಿತದ್ದು ಹೇಗೆ ಕರಗುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆಯುವ ವಿಧಾನ ಹೊಸದೇನಲ್ಲ, ಎಲ್ಲರಿಗೂ ಒಳ್ಳೆಯದೇ. ಬೇರೆಯವರು ಹಾಗೆ ಮಾಡದೆಯೂ ದಾಟಬಹುದು, ನನಗೆ ಬೇರೆ ದಾರಿ ಇಲ್ಲ, ಅಷ್ಟೇ ವ್ಯತ್ಯಾಸ. ಫಿಟ್ಸ್ ಬಂದ ದಿನ, ಅದರ ಹಿಂದುಮುಂದಿನ ಹೊತ್ತಿನಲ್ಲಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಓದುತ್ತೇನೆ. ನನ್ನ ಹಾಳೆಗಳಲ್ಲಿ ಅಂಥ ಭಾಗಕ್ಕೆ ಒಂದು ಚಿಕ್ಕ ಸೊನ್ನೆ ಹಾಕಿರುತ್ತೇನೆ.

ನೆನಪು ಚುರುಕು ಮಾಡುವ ಮೊಬೈಲ್ ಆಟಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಆಡಿ ನೋಡಿದೆ. ಆಟದಲ್ಲಿ ಅಂಕ ಏರಿತು. ಓದಿದ್ದು ನಿಲ್ಲಲು ಅದರಿಂದ ಏನೂ ಆಗಲಿಲ್ಲ. ನನ್ನ ಪ್ರಕಾರ ಆ ಸಮಯದಲ್ಲಿ ಒಂದು ನಿದ್ದೆ ತೆಗೆಯುವುದು ವಾಸಿ.

ಮಾತ್ರೆಯ ಅನುಮಾನ ತೀರಿದ್ದು ವಾರದ ದಿನಗಳ ಹೆಸರಿರುವ ಖಾನೆ ಡಬ್ಬಿಯಿಂದ. ಖಾನೆ ಖಾಲಿಯಾಗಿದ್ದರೆ ನುಂಗಿದ್ದೇನೆ, ತುಂಬಿದ್ದರೆ ಇಲ್ಲ. ನೆನಪಿನ ಮಾತೇ ಬೇಡ. ಫೋನಿನ ಅಲಾರಂ ಬಗ್ಗೆ ಒಂದು ಮಾತು: ಅದು ಬರೀ ಬಡಿದುಕೊಂಡರೆ ನಿಲ್ಲಿಸಿ ಸುಮ್ಮನಾಗುತ್ತೇವೆ. ಏನು ಮಾಡಬೇಕು ಎಂದು ತೆರೆಯ ಮೇಲೆ ಬರೆದಿರಬೇಕು. ನನ್ನದರಲ್ಲಿ "ಈಗಲೇ ಎದ್ದು ನುಂಗು, ಆಮೇಲೆ ಆಫ್ ಮಾಡು" ಎಂದಿದೆ, ಬರೆದದ್ದು ಅಕ್ಕ.

ಮೇಲಿನ ಹುದ್ದೆಯ ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಿ ಅರ್ಜಿ ಹಾಕಿದಾಗ, ಅದನ್ನು ನಡೆಸುವ ಕಚೇರಿಯವರು ಮೊದಲು ಒಪ್ಪಲಿಲ್ಲ. "ನೋಡೋಕೆ ಚೆನ್ನಾಗೇ ಇದೀರಲ್ಲ" ಎಂದರು. ಯೋಚನೆಯ ವೇಗ, ಪದ ಹುಡುಕುವ ವೇಗ ಎಷ್ಟು ಎಂದು ಅಳೆದಿದ್ದ ವರದಿಯ ಪುಟ ತೋರಿಸಿದ ಮೇಲೆ ಮಾತು ಬದಲಾಯಿತು. ಡಾಕ್ಟರ ಒಂದು ಸಾಲಿನ ಚೀಟಿಗಿಂತ ಈ ವರದಿಗೆ ತೂಕ ಜಾಸ್ತಿ. ಮಧ್ಯೆ ವಿರಾಮವನ್ನೂ ಕೇಳಿ ಪಡೆದೆ. ಅರ್ಜಿ ಬೇಗ ಹಾಕಬೇಕು, ಕೊನೆಯ ವಾರದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮಕ್ಕಳ ವಿಷಯ ಬೇರೆ ಇದೆ, ಅದನ್ನು ಹೇಳಲೇಬೇಕು. ನಾನು ಕಾಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಒಬ್ಬ ತಾಯಿ, ಶಾಲೆಗೆ ಹೋಗುವ ಮಗಳ ಜೊತೆ ಇದ್ದರು. ಪಾಠ ತಲೆಗೆ ಹತ್ತಲ್ಲ, ಕನಸು ಕಾಣ್ತಾಳೆ ಎಂದು ಟೀಚರು ದೂರುತ್ತಿದ್ದರಂತೆ. ಆ ಮಗುವಿಗಿದ್ದದ್ದು ಆಬ್ಸೆನ್ಸ್ ಎಂಬ ಬಗೆ. ಕೆಲವೇ ಸೆಕೆಂಡು ಕಣ್ಣು ನೆಟ್ಟು ಹಾಗೇ ನಿಲ್ಲುವುದು, ಮರುಕ್ಷಣ ಏನೂ ಆಗದ ಹಾಗೆ ಮುಂದುವರಿಯುವುದು. ದಿನಕ್ಕೆ ಹತ್ತಾರು ಸಲ ಆಗಬಹುದು. ಲೆಕ್ಕ ಹೇಳಿಕೊಡುವಾಗ ಮಧ್ಯದ ಒಂದು ಹೆಜ್ಜೆ ಹಾಗೇ ಬಿಟ್ಟುಹೋದರೆ ಉಳಿದದ್ದು ಹೇಗೆ ಅರ್ಥವಾಗಬೇಕು? ಅಲ್ಲಿ ಮರೆವಿನ ಪ್ರಶ್ನೆಯೇ ಇಲ್ಲ, ಮಗು ಕೇಳಿಸಿಕೊಂಡೇ ಇಲ್ಲ. ಇಇಜಿ ಮಾಡುವಾಗ ಜೋರಾಗಿ ಉಸಿರೆಳೆದು ಬಿಡಲು ಹೇಳುತ್ತಾರೆ. ಈ ಬಗೆಯದ್ದಾದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಅವಳಿಗೂ ಹಾಗೇ ಗೊತ್ತಾಯಿತು ಎಂದು ತಾಯಿ ಹೇಳಿದರು. ಟೀಚರಿಗೆ ಏನೆಂದು ಹೇಳಬೇಕು ಎನ್ನುವುದೇ ಅವರ ಚಿಂತೆಯಾಗಿತ್ತು.

ಮೇಲಿನ ಹುದ್ದೆಯ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಪಾಸಾಗಿದೆ, ಇನ್ನೊಂದು ಬಾಕಿ ಇದೆ. ಪ್ರವಾಸಕ್ಕೆ ಹೋದರೆ ಅವತ್ತೇ ರಾತ್ರಿ ನಾನು ಮತ್ತು ಅಕ್ಕ ಫೋಟೊಗಳ ಕೆಳಗೆ ಎರಡೆರಡು ಸಾಲು ಬರೆಯುತ್ತೇವೆ: ಎಲ್ಲಿ, ಯಾರಿದ್ದರು, ಯಾಕೆ ನಕ್ಕೆವು. ಓದಿದಾಗ ನೆನಪಾಗುತ್ತದೆ ಎಂದಲ್ಲ. ಕೆಲವು ಆಗುತ್ತವೆ, ಕೆಲವು ಬರೀ ಮಾಹಿತಿಯಾಗಿ ಉಳಿಯುತ್ತವೆ. ಹೋದ ಪ್ರವಾಸಗಳು ಹೋದವು, ಅವನ್ನು ಯಾವ ಮಾತ್ರೆಯೂ ವಾಪಸು ತರಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದಾರೆ.

ಮುಂದಿನ ವರ್ಷ ಮತ್ತೆ ಮರೆವಿನ ಪರೀಕ್ಷೆಗೆ ಕೂರಬೇಕು. ಆಗ ಬೇರೆ ಪದಗಳ ಪಟ್ಟಿ ಕೊಡುತ್ತಾರಂತೆ, ಹಳೆಯದನ್ನೇ ಕೊಟ್ಟರೆ ಅಭ್ಯಾಸದಿಂದ ಅಂಕ ಏರಿ ಲೆಕ್ಕ ತಪ್ಪುತ್ತದೆ ಎಂದು. "ನನ್ನ ವಿಷಯದಲ್ಲಿ ಆ ಭಯ ಬೇಡ" ಎಂದೆ. ಈ ಸಲ ನ್ಯೂರೊಸೈಕಾಲಜಿಸ್ಟ್ ನಕ್ಕರು. ವಾರದ ನಂತರದ ಫೋನ್ ಕರೆಯೂ ಇರುತ್ತದೆ. ಮಾತ್ರೆ ಬದಲಾದ ಮೇಲಿನ ಅಂಕಿಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿ, ಡೋಸ್ ಇಷ್ಟೇ ಸಾಕಾ, ಇನ್ನೂ ಇಳಿಸಬಹುದಾ ಎಂದು ಡಾಕ್ಟರು ತೀರ್ಮಾನ ಮಾಡುತ್ತಾರೆ.